ಜೋಡುದೋಣಿಯ ಚಾವಣಿ

ನಮ್ಮ ಬಳ್ಳಾರಿಯು ಬಂಡೆಗಳ ನಾಡು. ಬ್ರೂಸ್‌ಪೇಟೆಯ ನಮ್ಮ ಮನೆಯ ಮಾಳಿಗೆಯನ್ನೇರಿ ನಿಂತರೆ ಕಣ್ಣಿಗೆ ಬೀಳುವುದು ಕೋಟೆಯ ಗುಡ್ಡ, ಅದರಾಚೆಗೆ ಬಿಸಿಲಿನಲ್ಲಿ ನಡುಗುವ ಬಯಲು. ಬೇಸಿಗೆಯಲ್ಲಿ ಕೊಡ ನೀರಿಗೆ ಕಾದು ನಿಲ್ಲುವುದನ್ನು ಬಲ್ಲೆವೇ ಹೊರತು ಸಮುದ್ರವನ್ನು ನಾವು ಬಲ್ಲವರಲ್ಲ. ಅಂತಹ ಊರಿನವನು, ಅದರಲ್ಲಿಯೂ ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿ, ಆಮೇಲೆ ಅವನ್ನೇ ಮಕ್ಕಳಿಗೆ ಹೇಳಿಕೊಟ್ಟು ನಿವೃತ್ತನಾದ ಒಬ್ಬ ಮೇಷ್ಟ್ರು, ಸಮುದ್ರದಲ್ಲಿ ಸಂಚರಿಸುವ ದೋಣಿಯ ರಚನೆಯ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕರೆ ತಪ್ಪೇನೂ ಇಲ್ಲ. ಆದರೆ ಈ ವಿಷಯವು ತಾನಾಗಿಯೇ ನನ್ನ ಬಾಗಿಲಿಗೆ ಬಂದಿತು. ಬಂದುದು ಹಳೆಯದೊಂದು ಋಣವನ್ನು ಜ್ಞಾಪಿಸಿತು.

ನನ್ನ ಅಕ್ಕನ ಮಗನು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಉದ್ಯೋಗದಲ್ಲಿರುವನು. ಆ ಊರಿನ ಮುಂದೆ ಹೌರಾಕಿ ಎಂಬ ಕೊಲ್ಲಿಯೂ ಅದರಲ್ಲಿ ಅನೇಕ ದ್ವೀಪಗಳೂ ಇರುವುದರಿಂದ ಅಲ್ಲಿಯ ಜನರಿಗೆ ಹಾಯಿದೋಣಿಯ ಹವ್ಯಾಸ ಹೆಚ್ಚು. ನಮ್ಮ ಹುಡುಗನಿಗೂ ಅದು ಅಂಟಿಕೊಂಡಿತು. ಕೊಳ್ಳುವಷ್ಟು ಹಣವಿಲ್ಲದುದರಿಂದ ತಾನೇ ಒಂದನ್ನು ಕಟ್ಟುವೆನೆಂದು ನಿಶ್ಚಯಿಸಿ, ನಕಾಶೆಗಳನ್ನು ತರಿಸಿ, ಮನೆಯ ಹಿತ್ತಿಲಲ್ಲಿ ಚಪ್ಪರ ಹಾಕಿ ಕೆಲಸಕ್ಕೆ ತೊಡಗಿದನು. ಅದು ಒಂಟಿ ಒಡಲಿನ ದೋಣಿಯಲ್ಲ. ಸಪೂರವಾದ ಎರಡು ಒಡಲುಗಳನ್ನು ಸಮಾನಾಂತರವಾಗಿ ಇರಿಸಿ, ಅಡ್ಡತೊಲೆಗಳಿಂದ ಕೂಡಿಸಿ, ನಡುವೆ ಹಲಗೆಯ ಜಗಲಿಯನ್ನು ಹಾಸಿದ ಜೋಡುದೋಣಿ. ಇದನ್ನು ಇಂಗ್ಲಿಷರು ‘ಕ್ಯಾಟಮರಾನ್’ ಎನ್ನುವರು.

ಈ ಹೆಸರನ್ನು ಕೇಳಿದೊಡನೆಯೇ ನನ್ನ ಕಿವಿ ನೆಟ್ಟಗಾಯಿತು. ಇದು ತಮಿಳಿನ ‘ಕಟ್ಟುಮರಂ’ ಎಂಬ ಶಬ್ದವಷ್ಟೆ. ಕಟ್ಟು ಎಂಬುದೂ ಮರ ಎಂಬುದೂ ನಮ್ಮ ಕನ್ನಡದವೂ ಹೌದು. ಚೋಳಮಂಡಲದ ಕರಾವಳಿಯ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗೆ ಹೋಗಿ, ದಡಕ್ಕೆ ಬಂದ ಮೇಲೆ ಬಿಚ್ಚಿ ಒಣಹಾಕುತ್ತಿದ್ದರು. ಅದನ್ನು ಕಂಡ ಐರೋಪ್ಯರು ಹೆಸರನ್ನು ಎತ್ತಿಕೊಂಡು ಹೋಗಿ, ಮುಂದೆ ಜೋಡು ಒಡಲಿನ ದೋಣಿಗೆ ಇಟ್ಟರು. ಜೋಡು ಒಡಲಿನ ಹಡಗುಗಳಲ್ಲಿ ನಿಪುಣರಾದವರು ಪೆಸಿಫಿಕ್ ಮಹಾಸಾಗರದ ದ್ವೀಪವಾಸಿಗಳು. ನ್ಯೂಜಿಲೆಂಡಿನ ಮಾವೋರಿಗಳ ಪೂರ್ವಿಕರು ಅಂತಹವುಗಳಲ್ಲಿಯೇ ಸಾಗರವನ್ನು ದಾಟಿ ಬಂದವರು. ಹೀಗೆ ವಸ್ತುವು ಒಂದು ಸಮುದ್ರದ್ದು, ಹೆಸರು ಮತ್ತೊಂದು ಸಮುದ್ರದ್ದು.

ನಕಾಶೆಯನ್ನು ರಚಿಸಿದವನು ಜೇಮ್ಸ್ ವಾರಮ್ ಎಂಬ ಆಂಗ್ಲನು; 1928ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡನು. ಜೋಡುದೋಣಿಯು ಮಹಾಸಾಗರಕ್ಕೆ ತಕ್ಕುದಲ್ಲವೆಂದು ಅವನ ದೇಶದ ಬಲ್ಲವರು ಹೇಳುತ್ತಿದ್ದ ಕಾಲದಲ್ಲಿ ಅವನು ಇಪ್ಪತ್ತಮೂರೂವರೆ ಅಡಿ ಉದ್ದದ ‘ತಂಗರೋವಾ’ ಎಂಬುದನ್ನು ಸ್ವಹಸ್ತದಿಂದ ಕಟ್ಟಿ, ಇಬ್ಬರು ಜರ್ಮನ್ ಸ್ತ್ರೀಯರೊಡನೆ 1955-56ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಟ್ರಿನಿಡಾಡ್ ದ್ವೀಪವನ್ನು ಮುಟ್ಟಿದನು. ಅಲ್ಲಿ ನಾಲ್ವತ್ತು ಅಡಿಯ ಮತ್ತೊಂದನ್ನು ಕಟ್ಟಿ, 1959ರಲ್ಲಿ ಉತ್ತರ ಅಟ್ಲಾಂಟಿಕ್ಕಿನ ಮೂಲಕ ಹಿಂದಿರುಗಿದನು. ಆಮೇಲೆ ಸಾಮಾನ್ಯರು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ದೋಣಿಗಳ ನಕಾಶೆಗಳನ್ನು ಬರೆದು ಮಾರುವುದೇ ಅವನ ಬಾಳಿನ ಕೆಲಸವಾಯಿತು. ಅವುಗಳಲ್ಲಿ ‘ಟಿಕಿ’ ಎಂಬ ಒಂದು ವರ್ಗ ಉಂಟು. ಇಪ್ಪತ್ತೊಂದು ಅಡಿಯ ಟಿಕಿಯಲ್ಲಿ ರೋರಿ ಮಕ್‌ಡೂಗಲ್ ಎಂಬಾತನು 1991ರಿಂದ 1997ರ ವರೆಗೆ ಭೂಪ್ರದಕ್ಷಿಣೆಯನ್ನೇ ಮಾಡಿದನು. ನಮ್ಮ ಹುಡುಗನು ಆರಿಸಿದುದು ಇಪ್ಪತ್ತಾರು ಅಡಿಯದು. ಅದರಲ್ಲಿ ಅಡ್ಡತೊಲೆಗಳನ್ನು ಒಡಲುಗಳಿಗೆ ಬಿಗಿಯುವುದು ಹಗ್ಗದಿಂದ. ಅಲೆಯು ಬಡಿದಾಗ ಹಗ್ಗವು ಕೊಂಚ ಬಳುಕಿ ಆ ಪೆಟ್ಟನ್ನು ನುಂಗುವುದು. ‘ಕಟ್ಟುಮರ’ ಎಂಬ ಹೆಸರು ಇಲ್ಲಿ ಮತ್ತೆ ಸಾರ್ಥಕವಾಯಿತೆಂದು ನನಗೆ ಸಂತೋಷವಾಯಿತು.

ಆ ದೋಣಿಗೆ ಒಂದು ಕೊರತೆ. ಒಡಲುಗಳ ಒಳಗೆ ಕುಳಿತುಕೊಳ್ಳಬಹುದು, ಮಲಗಬಹುದು, ನೆಟ್ಟಗೆ ನಿಲ್ಲುವಂತಿಲ್ಲ. ಒಳಕ್ಕೆ ಇಳಿಯಬೇಕಾದರೂ ಮೊಣಕಾಲು ಮಡಿಸಿ ಬಗ್ಗಬೇಕು. ನಮ್ಮ ಭಾವನವರು ತೀರಿಕೊಂಡ ಮೇಲೆ ಅಕ್ಕನನ್ನು ತನ್ನ ಬಳಿಗೆ ಕರೆಯಿಸಿಕೊಳ್ಳಬೇಕೆಂದು ಮಗನು ಹಂಬಲಿಸುತ್ತಿದ್ದನು. ಅವಳಿಗೋ ಮೊಣಕಾಲು ಮಡಿಸಲಾಗದು. ಆದುದರಿಂದ ಅವನು ನಕಾಶೆಯನ್ನು ಮಾರ್ಪಡಿಸಿ, ನಡುವಣ ಜಗಲಿಯ ಮೇಲೆ ಆಳೆತ್ತರದ ಒಂದು ಕೋಣೆಯನ್ನು ಹಲಗೆಯಿಂದ ಕಟ್ಟುವ ಯೋಚನೆ ಮಾಡಿದನು. ಅದರ ಚಿತ್ರವನ್ನು ಬರೆದು ನನ್ನ ಫೋನಿಗೂ ಕಳುಹಿಸಿದನು. ಇಂತಹ ದೋಣಿಗಳನ್ನು ಕಟ್ಟಿ ಅನುಭವವುಳ್ಳವರು ಬೇಡವೆಂದರಂತೆ. ಸಪೂರವಾದ ಒಡಲುಗಳು ಹೆಚ್ಚು ಭಾರ ತಾಳವು, ಬಹಳ ಬೇಗ ನೀರಿಗೆ ಇಳಿಯುವುವು. ಎತ್ತರದ ಗೋಡೆಯು ಗಾಳಿಗೆ ಒಡ್ಡಿದ ಬೇಡದ ಹಾಯಿಯಾಗುವುದು. ಕೋಣೆಯ ನೆಲವು ತಗ್ಗಾದರೆ ಅಲೆಯು ಕೆಳಗಿನಿಂದ ಗುದ್ದುವುದು. ಜೋಡುದೋಣಿಯು ಒಮ್ಮೆ ಮಗುಚಿದರೆ ತಾನಾಗಿ ಏಳಲಾರದು. ಹುಡುಗನಿಗೆ ಇದು ಒಪ್ಪಿಗೆಯಾಗಲಿಲ್ಲ. “ಮಾವ, ನಾಲ್ಕು ಹಲಗೆ ಎತ್ತರಿಸಿದ ಮಾತ್ರಕ್ಕೆ ಏನಾದೀತು? ಅಮ್ಮ ನೆಟ್ಟಗೆ ನಿಂತು ಸಮುದ್ರ ನೋಡಬೇಕು, ಅಷ್ಟೇ” ಎಂದು ಬರೆದಿದ್ದನು. ಇತ್ತ ಅಕ್ಕನು, “ನನಗೋಸ್ಕರ ಮಾಡುತ್ತಿದ್ದಾನಪ್ಪ, ಕೋಣೆಯ ಕೆಲಸಕ್ಕೆ ಒಂದು ಒಳ್ಳೆಯ ಮುಹೂರ್ತ ನೋಡಿಕೊಡು” ಎಂದು ಪಂಚಾಂಗವನ್ನೇ ತಂದು ನನ್ನ ಮುಂದಿಟ್ಟಳು. ನಾನು ಪಂಚಾಂಗವನ್ನು ತೆರೆಯಲಿಲ್ಲ, ತೆರೆಯಲಾರದೆ ಹೋದೆನು. ಕಾರಣವನ್ನು ಹೇಳಬೇಕಾದರೆ 1986ನೆಯ ಇಸವಿಗೆ ಹೋಗಬೇಕು.

ಆಗ ನಾನು ಸಿರುಗುಪ್ಪದ ಕಡೆಗೆ ಹೊಳೆದಂಡೆಯ ಒಂದು ಊರಿನಲ್ಲಿ ಮೇಷ್ಟ್ರಾಗಿದ್ದೆನು. ಮೇಲೆ ಜಲಾಶಯದಿಂದ ನೀರು ಬಿಟ್ಟರೆ ತುಂಗಭದ್ರೆಯು ಎರಡೂ ದಡ ತುಂಬಿ ಹರಿಯುವಳು. ಆಚೆಯ ದಡದ ಹತ್ತು ಹನ್ನೆರಡು ಮಕ್ಕಳು ನಮ್ಮ ಶಾಲೆಗೆ ಹರಿಗೋಲಿನಲ್ಲಿ ದಾಟಿ ಬರಬೇಕಾಗಿತ್ತು. ಹರಿಗೋಲನ್ನು ನಮ್ಮ ಜಿಲ್ಲೆಯವರಿಗೆ ವರ್ಣಿಸಬೇಕಾದುದಿಲ್ಲ: ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿ, ಹಿಂದೆ ತೊಗಲನ್ನು ಹೊದಿಸುತ್ತಿದ್ದರು, ನಮ್ಮ ಕಾಲಕ್ಕೆ ಚೀಲಗಳನ್ನು ಹೊಲಿದು ಡಾಂಬರು ಬಳಿಯುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯೆಸನು ಇದನ್ನು ಕಂಡು, ಹದಿನೈದು ಇಪ್ಪತ್ತು ಜನರನ್ನು ಹೊರುವುದೆಂದು ಮೆಚ್ಚಿ, ಆದರೆ ಸದಾ ಸುತ್ತುತ್ತಲೇ ಇರುವುದು, ಇತರ ದೋಣಿಗಳಂತೆ ನೆಟ್ಟಗೆ ಹೋಗಲಾರದು ಎಂದು ಬರೆದಿಟ್ಟಿರುವನು.

ನನಗೂ ಆ ಸುತ್ತುವಿಕೆಯೇ ದೋಷವಾಗಿ ಕಂಡಿತು. ಚಿಕ್ಕ ಮಕ್ಕಳು ತಲೆಸುತ್ತಿ ವಾಂತಿ ಮಾಡಿಕೊಂಡು ತರಗತಿಗೆ ಬರುತ್ತಿದ್ದರು. ಎರಡು ಹರಿಗೋಲುಗಳನ್ನು ಜೋಡಿಸಿ ಗಳುಗಳಿಂದ ಕಟ್ಟಿದರೆ ಹೇಗೆ ಎಂದು ಅಂಬಿಗನನ್ನು ಕೇಳಿದೆನು. ಅವನು ಐವತ್ತು ದಾಟಿದವನು, ಮಾತು ಕಡಮೆ. ಎರಡು ದಿನ ಯೋಚಿಸಿ ಒಪ್ಪಿ ಕಟ್ಟಿದನು. ಜೋಡಿಯು ಸುತ್ತದೆ ನೆಟ್ಟಗೆ ಸಾಗಿತು. ಊರವರು ಹೊಗಳಿದರು, ನನ್ನ ತಲೆಗೆ ಗರ್ವವೇರಿತು.

ಮಳೆ ಹಿಡಿಯಿತು. ಮಕ್ಕಳ ಪುಸ್ತಕಗಳು ನೆನೆಯತೊಡಗಿದುವು. ಜೋಡಿಯ ಮೇಲೆ ತಗಡಿನ ಚಾವಣಿಯೊಂದನ್ನು ಹಾಕು ಎಂದೆನು. ಅಂಬಿಗನು, “ಬ್ಯಾಡ್ರಿ ಮೇಷ್ಟ್ರೇ, ಗಾಳಿಗೆ ಎದಿ ಕೊಟ್ಟಂಗ ಆಗ್ತೈತೆ” ಎಂದನು. ಆ ದಿನಗಳಲ್ಲಿ ನಾನು ಭೋಜರಾಜನದೆಂದು ಹೆಸರಾದ ‘ಯುಕ್ತಿಕಲ್ಪತರು’ವಿನ ನೌಕಾಪ್ರಕರಣವನ್ನು ಓದಿದ್ದೆನು. ಅದರಲ್ಲಿ ಕೋಣೆಗಳಿರುವ ಸ್ಥಾನವನ್ನನುಸರಿಸಿ ನೌಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಉದ್ದಕ್ಕೂ ಕೋಣೆಗಳಿರುವುದು ಸರ್ವಮಂದಿರಾ; ನಡುವೆ ಇರುವುದು ಮಧ್ಯಮಂದಿರಾ; ಮುಂಭಾಗದಲ್ಲಿರುವುದು ಅಗ್ರಮಂದಿರಾ. ಮಧ್ಯಮಂದಿರೆಯು ಮಳೆಗಾಲಕ್ಕೆ ಉಚಿತವೆಂದು ಅಲ್ಲಿ ಹೇಳಿದೆ. ಇದನ್ನು ನಾನು ಶ್ಲೋಕಸಮೇತವಾಗಿ ಆ ಅಂಬಿಗನಿಗೆ ಉಪದೇಶಿಸಿದೆನು. ಸಂಸ್ಕೃತಕ್ಕೆ ಅವನಲ್ಲಿ ಉತ್ತರವೇನಿರುವುದು? “ದೊಡ್ಡೋರು ಹೇಳ್ತೀರಿ” ಎಂದು ಗಳುಗಳನ್ನು ನಿಲ್ಲಿಸಿ, ತಗಡನ್ನು ಬಿಗಿಯಾಗಿ ಕಟ್ಟಿದನು.

ಆಗಸ್ಟ್ ತಿಂಗಳಿನ ಒಂದು ಸಾಯಂಕಾಲ ಮಕ್ಕಳನ್ನು ಆಚೆಗೆ ಬಿಡಲು ಹೊರಟಾಗ ನಾನೂ ಜತೆಗಿದ್ದೆನು. ನಡುಹೊಳೆಯಲ್ಲಿ ಗಾಳಿ ಎದ್ದಿತು. ತಗಡು ಗುಡುಗಿನಂತೆ ಸದ್ದು ಮಾಡಿತು. ಗಾಳಿಯ ಕಡೆಯ ಹರಿಗೋಲು ನೀರನ್ನು ಬಿಟ್ಟು ಮೇಲೇಳತೊಡಗಿತು. ಆರನೆಯ ತರಗತಿಯ ಹುಡುಗನೊಬ್ಬನು ಹೊರಕ್ಕೆ ಬಿದ್ದನು. ನಾನು ಬಾಯಿ ಬಿಟ್ಟುಕೊಂಡು ಗಳುವನ್ನು ಹಿಡಿದು ಕುಳಿತಿದ್ದೆನು. ಅಂಬಿಗನು ಕುಡುಗೋಲಿನಿಂದ ಚಾವಣಿಯ ಕಟ್ಟುಗಳನ್ನು ಸರಸರನೆ ಕೊಯ್ದನು. ತಗಡು ಹಾರಿ ಹೋಯಿತು. ಹರಿಗೋಲು ನೀರಿಗೆ ಕುಳಿತಿತು. ಮರುಕ್ಷಣವೇ ಅವನು ಹುಟ್ಟನ್ನು ನನ್ನ ಕೈಗೆ ಎಸೆದು ಹಾರಿದನು. ಹುಡುಗನು ಬದುಕಿದನು. ಆದರೆ ಹೊಳೆಯ ಬಂಡೆಗೆ ಬಡಿದ ಅಂಬಿಗನ ಬಲದ ಭುಜವು ಮತ್ತೆ ಸರಿಯಾಗಲಿಲ್ಲ. ಅಂದಿನಿಂದ ಅವನು ಹುಟ್ಟು ಹಿಡಿಯಲಿಲ್ಲ; ಮಗನು ಹಿಡಿದನು.

ಊರ ಹಿರಿಯರು ವಿಚಾರಿಸಿದಾಗ ನಾನು “ಗಾಳಿ ವಿಪರೀತವಾಯಿತು” ಎಂದೆನು. ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ. ಚಾವಣಿಯು ನನ್ನ ಹಟವೆಂದು ನಾನು ಹೇಳಲಿಲ್ಲ. ಹಾಸಿಗೆಯಲ್ಲಿದ್ದ ಅಂಬಿಗನನ್ನು ನೋಡಹೋದಾಗ ಅವನೇ, “ಚಾವಣಿ ಹಾಕಿದ್ದು ತಪ್ಪಲ್ರಿ ಮೇಷ್ಟ್ರೇ. ಗಾಳಿ ಬಂದ್ರ ಒಂದು ಎಳೆತಕ್ಕ ಬಿಚ್ಚೋ ಹಂಗ ಕಟ್ಟಬೇಕಿತ್ತು. ನಾನು ಬಿಗಿ ಕಟ್ಟಿದೆ” ಎಂದು ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡನು. ನಾನು ಹಾಕಿಕೊಳ್ಳಲು ಬಿಟ್ಟೆನು.

ಆಮೇಲೆ ಎಷ್ಟೋ ರಾತ್ರಿ ಇದನ್ನು ಆಲೋಚಿಸಿದ್ದೇನೆ. ಒಂಟಿ ಹರಿಗೋಲು ಗಾಳಿ ಬೀಸಿದರೆ ಸುತ್ತಿ ಜಾರಿಕೊಳ್ಳುವುದು. ಅದರ ಮೈ ತಗ್ಗಾದುದರಿಂದ ಗಾಳಿಗೆ ಹಿಡಿಯಲು ಏನೂ ಸಿಕ್ಕುವುದಿಲ್ಲ. ಯಾವ ಸುತ್ತುವಿಕೆಯನ್ನು ಪಾಯೆಸನೂ ನಾನೂ ದೋಷವೆಂದು ಎಣಿಸಿದೆವೋ ಅದೇ ಅದರ ರಕ್ಷೆ. ಮೊದಲನೆಯ ಮಾರ್ಪಾಡಿನಿಂದ ಆ ರಕ್ಷೆಯನ್ನು ಕಳೆದೆನು. ಎರಡನೆಯದರಿಂದ ಗಾಳಿಗೆ ಹಿಡಿಕೆಯನ್ನು ಕೊಟ್ಟೆನು. ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಹಿತವೇ, ಕೂಡಿದಾಗ ಆಪತ್ತು. ಯುಕ್ತಿಕಲ್ಪತರುವನ್ನು ಪುನಃ ತೆರೆದು ನೋಡಿದರೆ ನಾಚಿಕೆ ಇಮ್ಮಡಿಸಿತು. ಮಧ್ಯಮಂದಿರೆಯು ರಾಜರ ವಿಲಾಸಯಾತ್ರೆಗೆಂದೂ ಅಲ್ಲಿಯೇ ಹೇಳಿದೆ. ತುಂಬಿದ ಹೊಳೆಯಲ್ಲಿ ಮಕ್ಕಳನ್ನು ದಾಟಿಸುವುದಕ್ಕೆಂದು ಹೇಳಿಲ್ಲ. ಉದ್ದವಾದ ನೌಕೆಯ ಅಗಲವು ಉದ್ದದ ಎಂಟನೆಯ ಒಂದು ಪಾಲು, ಎತ್ತರವು ಹತ್ತನೆಯ ಒಂದು ಪಾಲು ಇರಬೇಕೆಂದು ಅಳತೆ ಕೊಟ್ಟು, ಅವುಗಳಲ್ಲಿಯೂ ಲೋಲಾ, ಗಾಮಿನೀ, ಪ್ಲಾವಿನೀ ಎಂಬುವು ದುಃಖವನ್ನು ತರುವುವೆಂದು ಎಚ್ಚರಿಸಿದೆ. ಸಮುದ್ರಗಾಮಿಯಾದ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆಂಬ ಮಾತೂ ಅಲ್ಲಿದೆ. ಅದಕ್ಕೆ ಕೊಟ್ಟ ಕಾರಣ ಸಮುದ್ರದೊಳಗಣ ಅಯಸ್ಕಾಂತಶಿಲೆಗಳ ಭಯ. ಅದನ್ನು ಇಂದು ಯಾರೂ ನಂಬರು. ಅಂತೂ ಆ ಗ್ರಂಥದಲ್ಲಿ ವಿಧಿಯೂ ಉಂಟು, ನಿಷೇಧವೂ ಉಂಟು. ನಾನು ನನಗೆ ಬೇಕಾದ ಒಂದು ಪಾದವನ್ನು ಮಾತ್ರ ಹರಿದುಕೊಂಡಿದ್ದೆನು.

ಅಕ್ಕನಿಗೆ ಈ ಕಥೆಯನ್ನೆಲ್ಲ ಮೊದಲ ಬಾರಿಗೆ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನಗೆ ಕೋಣೆ ಬೇಡವೆಂದು ಅವನಿಗೆ ನೀನೇ ಬರೆ, ನಾನು ಹೇಳಿದರೆ ಅಮ್ಮ ಮುನಿಸಿಕೊಂಡಳು ಎಂದುಕೊಳ್ಳುತ್ತಾನೆ” ಎಂದಳು. ಆ ರಾತ್ರಿಯೇ ಬರೆದೆನು: “ಚಿರಂಜೀವಿ, ನಿನ್ನ ತಾಯಿಗೆ ನಿಲ್ಲಲು ಎಡೆ ಮಾಡಬೇಕೆಂಬ ಬುದ್ಧಿ ದೊಡ್ಡದು. ಆದರೆ ದೋಣಿಯಲ್ಲಿ ಕೊರತೆಯಾಗಿ ಕಾಣುವುದನ್ನು ತಿದ್ದುವ ಮೊದಲು, ಆ ಕೊರತೆಯು ಏನನ್ನು ಕಾಯುತ್ತಿದೆ ಎಂದು ಕೇಳು. ಆ ತಗ್ಗುತನವೇ ಅದನ್ನು ಗಾಳಿಯಿಂದ ಕಾಪಾಡುತ್ತಿರಬಹುದು. ಬಿಚ್ಚಲು ಬರುವಂತಹುದನ್ನು ಮಾತ್ರ ಕಟ್ಟು.” ಕೆಳಗೆ ಅಂಬಿಗನ ಕಥೆಯನ್ನೂ ನನ್ನ ಮೌನವನ್ನೂ ಮುಚ್ಚುಮರೆಯಿಲ್ಲದೆ ಬರೆದೆನು.

ಮೂರು ವಾರಗಳ ಮೇಲೆ ಉತ್ತರ ಬಂದಿತು. ಕೋಣೆಯನ್ನು ಕೈಬಿಟ್ಟಿದ್ದನು. ಅದಕ್ಕೆ ಪ್ರತಿಯಾಗಿ ಜಗಲಿಯ ಮೇಲೆ, ತೊಲೆಯ ಮಗ್ಗುಲಿಗೆ, ಕಾಲು ಚಾಚಿ ಕುಳಿತುಕೊಳ್ಳುವಂತಹ ಒಂದು ತಗ್ಗಿನ ಪೀಠ. ಲಂಗರು ಹಾಕಿದಾಗ ಮಾತ್ರ ಅದರ ಮೇಲೆ ಎತ್ತುವ ಬಟ್ಟೆಯ ಡೇರೆ. ಒಂದು ಹಗ್ಗ ಎಳೆದರೆ ಅದು ಕುಸಿದು ಬೀಳುವುದು. ಡೇರೆಯೊಳಗೆ ಅಕ್ಕನು ನೆಟ್ಟಗೆ ನಿಲ್ಲಬಹುದು. ದೋಣಿಯ ಕೆಲಸ ಮುಗಿದು ಅದು ನೀರಿಗಿಳಿದ ಮೇಲೆ ಅಕ್ಕನು ಹೋಗಿ ಬಂದಳು. ಪೀಠದ ಮೇಲೆ ಶಾಲು ಹೊದ್ದು ಕುಳಿತ ಅವಳ ಭಾವಚಿತ್ರವು ನಮ್ಮ ಪಡಸಾಲೆಯಲ್ಲಿದೆ. “ನಿಂತು ನೋಡುವುದಕ್ಕಿಂತ ಕುಳಿತು ನೋಡಿದರೆ ಸಮುದ್ರ ಹತ್ತಿರವಾಗಿ ಕಾಣುತ್ತದೆ ಕಣೋ” ಎಂದು ಅವಳು ಹೇಳಿದಳು.

ಉಳಿದುದು ನನ್ನ ಋಣ. ಅಂಬಿಗನು ತೀರಿಕೊಂಡು ಹತ್ತು ವರ್ಷಗಳ ಮೇಲಾಗಿತ್ತು. ಕಳೆದ ಶ್ರಾವಣದಲ್ಲಿ ಸಿರುಗುಪ್ಪಕ್ಕೆ ಬಸ್ಸು ಹತ್ತಿ, ಆ ಊರಿಗೆ ಹೋಗಿ, ಅವನ ಮಗನನ್ನು ಕಂಡು, ಚಾವಣಿ ಹಾಕಿಸಿದವನು ನಾನು, ನಿಮ್ಮ ತಂದೆ ಬೇಡವೆಂದಿದ್ದರು ಎಂದು ಹೇಳಿದೆನು. ಅವನು ಚಹ ಕೊಡಿಸಿ, “ಅಪ್ಪ ಒಂದು ದಿನಾನೂ ನಿಮ್ಮ ಹೆಸರು ಎತ್ತಲಿಲ್ರಿ. ಆ ಹುಡುಗ ಬದುಕಿದ್ನಲ್ಲ, ಬಿಡ್ರಿ” ಎಂದನು. ಋಣವು ತೀರಿತೆಂದು ಹೇಳಲಾರೆನು. ಲೆಕ್ಕವನ್ನಾದರೂ ಸರಿಯಾದ ಹೆಸರಿನಲ್ಲಿ ಬರೆದಿಟ್ಟಂತಾಯಿತು.