ನೂರಿಪ್ಪತ್ತೆಂಟು ಹೆಜ್ಜೆಯ ಗಡಿ

ಬೆಳಿಗ್ಗೆ ಆರೂವರೆಗೆ ಮೊದಲ ಫೋನು. “ಅಣ್ಣಾ, ನೆಟ್ ರಾಲೇದು. ಎರ್ರ ಲೈಟು ವಸ್ತಾಂದಿ.” ಹತ್ತು ನಿಮಿಷಕ್ಕೆ ಕೌಲ್‌ಬಜಾರಿನಿಂದ, “ಭಾಯ್, ನೆಟ್ ಆರಾ ನೈ.” ಚಹಾ ಮುಗಿಸುವಷ್ಟರಲ್ಲಿ ಕುರುಗೋಡಿನಿಂದ, “ಸರ, ಕೆಂಪು ಲೈಟ್ ಮಿಣಮಿಣ ಅಂತದ್ರಿ, ಸ್ವಲ್ಪ ನೋಡ್ರಿ.” ಮೂವರದೂ ಒಂದೇ ಸಂಗತಿ: ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಫೈಬರಿನ ಬೆಳಕು ತಲುಪುತ್ತಿಲ್ಲ. ಅವರವರ ಮಾತಿನಲ್ಲೇ ಉತ್ತರ ಕೊಟ್ಟು, ಪವರ್ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ. ಬಳ್ಳಾರಿಯಲ್ಲಿ ನೆಟ್‌ವರ್ಕ್ ಕೆಲಸದವನ ದಿನ ಹೀಗೇ ತೆರೆದುಕೊಳ್ಳುತ್ತದೆ.

ನಮ್ಮ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದ್ಧತಿ ಇದೆ. ಎರಡು ಸ್ವಿಚ್‌ಗಳ ನಡುವೆ ಕೇಬಲ್ ಸಿಕ್ಕಿಸಿದರೆ ಅವು ಕೂಡಲೇ ಡೇಟಾ ಸುರಿಯಲು ಹೊರಡುವುದಿಲ್ಲ. ನನಗೆ ಹತ್ತು ಮೆಗಾಬಿಟ್ ಬರುತ್ತದೆ, ನೂರು ಬರುತ್ತದೆ, ಸಾವಿರವೂ ಬರುತ್ತದೆ ಎಂದು ಎರಡೂ ಹೇಳಿಕೊಳ್ಳುತ್ತವೆ. ಇಬ್ಬರಿಗೂ ಬರುವುದರಲ್ಲಿ ಮೇಲಿನದನ್ನು ಆರಿಸಿ ಮಾತಿಗೆ ಕೂರುತ್ತವೆ. ಇದಕ್ಕೆ ಆಟೋ ನೆಗೋಶಿಯೇಶನ್ ಎನ್ನುತ್ತೇವೆ. ಒಂದು ಕಡೆ ಯಾರಾದರೂ ವೇಗವನ್ನು ಕೈಯಿಂದ ಬಿಗಿದಿಟ್ಟಿದ್ದರೆ ಹೊಂದಾಣಿಕೆ ತಪ್ಪುತ್ತದೆ. ಒಂದು ಎಡೆಬಿಡದೆ ಮಾತಾಡುತ್ತದೆ, ಇನ್ನೊಂದು ಸರದಿಗಾಗಿ ಕಾಯುತ್ತ ಅರ್ಧ ಮಾತು ಕಳೆದುಕೊಳ್ಳುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಒಮ್ಮೆ ಒಂದು ಕಚೇರಿಯಲ್ಲಿ ಈ ದೋಷ ಹಿಡಿಯಲು ನನಗೆ ಎರಡು ದಿನ ಹಿಡಿಯಿತು.

ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯವರಿಗೆ ಈ ಹೊಂದಾಣಿಕೆಯ ವಿದ್ಯೆ ಯಾರೂ ಕಲಿಸಿಲ್ಲ. ಗಿರಾಕಿ “ಬೆಲ್ಲ” ಎಂದರೆ ಕನ್ನಡ, “ಬೆಲ್ಲಂ” ಎಂದರೆ ತೆಲುಗು. ಒಂದು ಅನುಸ್ವಾರದಲ್ಲಿ ತೀರ್ಮಾನ ಆಗಿಹೋಗುತ್ತದೆ. ಎದುರಿನವರ ಮಾತನ್ನು ಮೊದಲು ಕೇಳಿ ಆಮೇಲೆ ಬಾಯಿ ತೆರೆಯುವುದು ನಮ್ಮೂರಿನ ಮರ್ಯಾದೆ. ಹಾಗೆಂದು ಇಲ್ಲಿ ಕನ್ನಡ ಪುಕ್ಕಟೆ ಉಳಿದಿಲ್ಲ. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಹರಿದು ಹಂಚಿಹೋಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಬಳ್ಳಾರಿ, ಸಿರುಗುಪ್ಪ ಸೇರಿ ಉಳಿದವು ಮೈಸೂರಿಗೆ. ಬಳ್ಳಾರಿ ಕನ್ನಡನಾಡಿಗೇ ಸೇರಬೇಕೆಂಬ ಹೋರಾಟದಲ್ಲಿ ಆ ವರ್ಷ ಪಿಂಜಾರ ರಂಜಾನ್ ಸಾಬ್ ಪ್ರಾಣವನ್ನೇ ಕೊಟ್ಟರು. ಅವರ ಹೆಸರು ಕೇಳಿದಾಗಲೆಲ್ಲ ನನಗೆ ಈ ಊರಿನ ಕನ್ನಡದ ತೂಕ ಅರಿವಾಗುತ್ತದೆ. ಆ ಕನ್ನಡವನ್ನು ನಾವು ದಿನದ ಕೆಲಸಕ್ಕೆ ಹಚ್ಚಬೇಕು ಎಂಬುದೇ ನನ್ನ ಮನಸ್ಸಿನ ಮಾತು.

ಕಳೆದ ಹಂಗಾಮಿನಲ್ಲಿ ಸಿರುಗುಪ್ಪದ ಕಡೆ ಲೈನ್ ಕಡಿದುಹೋಯಿತು. ಓಟಿಡಿಆರ್ ಎಂಬ ಯಂತ್ರ ಫೈಬರಿನೊಳಗೆ ಬೆಳಕಿನ ಮಿಡಿತ ಕಳಿಸಿ, ಅದು ತಿರುಗಿ ಬರಲು ಹಿಡಿದ ಹೊತ್ತಿನಿಂದ ಎಲ್ಲಿ ಕಡಿದಿದೆ ಎಂದು ಹೇಳುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಯಂತ್ರ ತೋರಿಸಿದ ಜಾಗ ಮುಟ್ಟಲು ನಮಗೆ ಕೆಸರಿನ ಬದುವಿನ ಮೇಲೆ ಅರ್ಧ ತಾಸು ಬೇಕಾಯಿತು. ಎಡಬಲಕ್ಕೆ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆ. ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು. ಅವರ ಮಾತಿನಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹುಟ್ಟಿ ತೆಲುಗಿನಲ್ಲಿ ಮುಗಿಯುತ್ತಿತ್ತು.

ನನ್ನ ಜೊತೆಗಿದ್ದ ಹುಡುಗ ಗಡಿ ಅಂಚಿನ ಹಳ್ಳಿಯವನು. ಅವರ ಹೊಲದಲ್ಲಿ ನಿಂತರೆ ಮೊಬೈಲು ಆಂಧ್ರದ ಟವರ್ ಹಿಡಿಯುತ್ತದೆ. ರೋಮಿಂಗ್ ಶುಲ್ಕ ಇದ್ದ ಕಾಲದಲ್ಲಿ ಮನೆಯ ಅಂಗಳದಿಂದ ಮಾತಾಡಿದ್ದಕ್ಕೂ ಪರರಾಜ್ಯದ ದರ ಕೊಟ್ಟವರು ಅವರು. ಗಾಳಿಗೆ ಧೂಳು ಕೂರದಂತೆ ಅವನು ಛತ್ರಿ ಹಿಡಿದು ಕೂತ. ನಾನು ಕೇಬಲಿನ ಮೇಲು ಹೊದಿಕೆ ಬಿಡಿಸಿದೆ. ಒಳಗೆ ಹನ್ನೆರಡು ಬಣ್ಣದ ಎಳೆ. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಅವುಗಳ ಸಾಲು ಜಗತ್ತಿನ ಬಹುಪಾಲು ಕಡೆ ಒಂದೇ. ನಾನು ಬಣ್ಣ ಹೇಳುತ್ತಿದ್ದೆ, ಅವನು “ಒಕಟಿ, ರೆಂಡು, ಮೂಡು” ಎಂದು ಎಣಿಸುತ್ತಿದ್ದ. ಪ್ರತಿ ಎಳೆಯ ಗಾಜು 125 ಮೈಕ್ರಾನ್, ತಲೆಗೂದಲಿಗಿಂತ ತುಸು ದಪ್ಪ. ಅದರ ನಟ್ಟನಡುವೆ ಬೆಳಕು ಓಡುವ ದಾರಿ 9 ಮೈಕ್ರಾನ್ ಆಸುಪಾಸು. ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ತುದಿ ನೇರ ಮಾಡಿ, ಎರಡು ತುದಿಗಳನ್ನು ಸ್ಪ್ಲೈಸಿಂಗ್ ಮಷೀನಿನಲ್ಲಿ ಎದುರುಬದುರು ಇಟ್ಟೆ. ಪರದೆಯ ಮೇಲೆ ಎರಡು ತುದಿ ಹತ್ತಿರ ಹತ್ತಿರ ಬಂದವು. ಚಿಟ್ ಎಂದು ಒಂದು ಕಿಡಿ ಹಾರಿತು, ಎರಡು ಒಂದಾದವು. ಬೆಸೆದ ಜಾಗ ಹುಡುಕಿದರೂ ಕಣ್ಣಿಗೆ ಸಿಗುವುದಿಲ್ಲ. ಈ ಕ್ಷಣ ನನಗೆ ಇಷ್ಟು ವರ್ಷಕ್ಕೂ ಹಳತಾಗಿಲ್ಲ.

ಕೆಲಸ ಮುಗಿದ ಮೇಲೆ ರಸ್ತೆ ಬದಿಯಲ್ಲಿ ಒಗ್ಗರಣೆ, ಮಿರ್ಚಿ ತಿಂದೆವು. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಪುಟಾಣಿ ಪುಡಿ. ಗಡಿ ದಾಟಿದರೆ ಇದೇ ತಟ್ಟೆಗೆ ಉಗ್ಗಾನಿ, ಬಜ್ಜಿ ಎಂದು ಹೆಸರು.

ಹೆಸರಷ್ಟೇ ಬದಲಾಗುವ ಇನ್ನೊಂದು ವಸ್ತು ಕುರುಗೋಡಿನಲ್ಲಿ ಕಣ್ಣಿಗೆ ಬಿತ್ತು. ದೊಡ್ಡಬಸವೇಶ್ವರನ ಏಕಶಿಲಾ ಮೂರ್ತಿಯ ಊರದು. ಅಲ್ಲಿನ ಸೇವಾ ಕೇಂದ್ರವೊಂದರ ರೂಟರ್ ಸರಿಪಡಿಸಲು ಹೋಗಿದ್ದೆ. ಮೆಣಸಿನಕಾಯಿ ಬೆಳೆಯುವ ಹಿರಿಯರೊಬ್ಬರು ಪಹಣಿಗಾಗಿ ಕಾಯುತ್ತಿದ್ದರು. ಅವರ ಹೆಂಡತಿಯ ತವರಿನ ಹೊಲ ಆಂಧ್ರದಲ್ಲಿದೆ. “ಇಲ್ಲಿ ಪಹಣಿ ಅಂತೀವಿ, ಅಲ್ಲಿ ಅಡಂಗಲ್ ಅಂತಾರ. ಮಣ್ಣು ಎರಡೂ ಕಡಿ ಕರೀದ ಐತಿ” ಎಂದರು. ಲೈನ್ ಬಂತು, ಪಹಣಿ ಮುದ್ರಣವಾಯಿತು. ಅವರು ಕನ್ನಡಕ ಏರಿಸಿ ಸರ್ವೆ ನಂಬರು, ವಿಸ್ತೀರ್ಣ, ತಮ್ಮ ಹೆಸರು ಎಲ್ಲವನ್ನೂ ಬೆರಳಿಟ್ಟು ಓದಿ ಮಡಚಿ ಕಿಸೆಗಿಟ್ಟುಕೊಂಡರು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಅವು ಕನ್ನಡದಲ್ಲೇ ಏರಿದವು. ಆದ್ದರಿಂದಲೇ ಆ ಹಿರಿಯರು ಯಾರನ್ನೂ ಕೇಳದೆ ತಮ್ಮ ಕಾಗದ ತಾವೇ ಓದಿಕೊಂಡರು.

ನಾನು ಹಾಕಿಕೊಡುವ ಪೆಟ್ಟಿಗೆಯಲ್ಲಿ ಈ ಸೌಕರ್ಯ ಇಲ್ಲ. ದೀಪಗಳ ಕೆಳಗೆ ಇರುವುದು ಇಂಗ್ಲಿಷ್, ಸೆಟ್ಟಿಂಗ್ ಪುಟವೂ ಇಂಗ್ಲಿಷ್. ಮೊದಮೊದಲು ಬಾಯಲ್ಲಿ ಹೇಳಿ ಬರುತ್ತಿದ್ದೆ, ಮರುದಿನವೇ ಮರೆತು ಫೋನು ಮಾಡುತ್ತಿದ್ದರು. ಈಗ ಪ್ರತಿ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸುತ್ತೇನೆ: “ಹಸಿರು ದೀಪ: ಸರಿ ಇದೆ. ಕೆಂಪು ದೀಪ: ಬೆಳಕು ಬರುತ್ತಿಲ್ಲ. ಹಳದಿ ವೈರ್ ಮಡಚಬೇಡಿ.” ಬೇಕೆಂದವರಿಗೆ ಅದರ ಕೆಳಗೆ ತೆಲುಗಿನಲ್ಲೂ ಬರೆಯುತ್ತೇನೆ. ಮನೆಯ ಹೆಣ್ಣುಮಕ್ಕಳು ಈಗ ದೀಪ ನೋಡಿ, ದೋಷವನ್ನು ಸರಿಯಾಗಿ ಹೆಸರಿಟ್ಟು ಹೇಳುತ್ತಾರೆ. ತೆಲುಗಿನಿಂದ ಕನ್ನಡ ಕುಗ್ಗಿದ್ದನ್ನು ನಾನು ಕಂಡಿಲ್ಲ. ಕೆಲಸದ ಜಾಗದಲ್ಲಿ ಕನ್ನಡ ಬರೆಯದೆ ಬಿಟ್ಟಾಗ ಕುಗ್ಗಿದ್ದನ್ನು ಕಂಡಿದ್ದೇನೆ.

ನನ್ನ ಹೆಂಡತಿಯ ತವರು ಆದೋನಿ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಪದಕ್ಕೆ ಇಬ್ಬರು ವಾರಸುದಾರರು. ನನಗೆ ಅವ್ವ ಎಂದರೆ ತಾಯಿ, ಹೆಂಡತಿಯ ಕಡೆ ಅವ್ವ ಎಂದರೆ ಅಜ್ಜಿ. ಮಗಳಿಗೆ ಆದೋನಿಯ ಅಜ್ಜಿ ಅವ್ವ, ನನ್ನ ತಾಯಿ ಅಜ್ಜಿ. ಮಗಳು ತೆಲುಗು ಚೆನ್ನಾಗಿ ಮಾತಾಡುತ್ತಾಳೆ, ಆದರೆ ಓದಿದ್ದು ಕನ್ನಡ ಶಾಲೆ. ಅತ್ತೆಯವರು ಫೋನಿಗೆ ಕಳಿಸುವ ತೆಲುಗು ಸಂದೇಶಗಳನ್ನು ತನ್ನ ತಾಯಿ ಓದಿ ಹೇಳುವ ತನಕ ಅವಳು ಕಾಯಬೇಕಿತ್ತು. ಅವಳ ಆ ಕಾಯುವಿಕೆ ನೋಡಿ ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದು ಕೂತೆ.

ಯುನಿಕೋಡ್ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬರು. ತೆಲುಗಿಗೆ 128 ಮನೆಗಳ ಓಣಿ, ಅದು ಮುಗಿದಲ್ಲೇ ಕನ್ನಡದ 128 ಮನೆಗಳ ಓಣಿ. ಭಾರತದ ಹಲವು ಲಿಪಿಗಳಿಗೆ ಒಂದೇ ಜೋಡಣೆ ಕೊಟ್ಟಿದ್ದ 1988ರ ಇಸ್ಕಿ ಮಾನದಂಡವನ್ನು ಯುನಿಕೋಡ್ ಅನುಸರಿಸಿದ್ದರಿಂದ ಎರಡು ಓಣಿಗಳ ಸಾಲೂ ಒಂದೇ. ತೆಲುಗಿನ ಕಕಾರ 3093ನೆಯ ಮನೆ, ಕನ್ನಡದ ಕಕಾರ 3221ನೆಯದು. ನಡುವೆ 128 ಹೆಜ್ಜೆ. ಹತ್ತು ಸಾಲಿನ ಪ್ರೋಗ್ರಾಂ ಸಾಕಾಯಿತು. ತೆಲುಗಿನ ಪ್ರತಿ ಅಕ್ಷರಕ್ಕೂ 128 ಕೂಡಿಸಿದರೆ ಅದೇ ತೆಲುಗು ಮಾತು ಕನ್ನಡ ಲಿಪಿಯಲ್ಲಿ ನಿಲ್ಲುತ್ತದೆ. ಮಗಳು ತನ್ನ ಅವ್ವನ ಸಂದೇಶವನ್ನು ಮೊದಲ ಸಲ ತಾನೇ ಓದಿದಳು, “ಬಾಗುನ್ನಾವಾ ಬಂಗಾರು?” ಚೆನ್ನಾಗಿದ್ದೀಯಾ ಚಿನ್ನ ಎಂದು.

ತೆಲುಗನ್ನು ಕನ್ನಡ ಲಿಪಿಗೆ ತರುವ ಈ ವಿದ್ಯೆಯ ಹಿಂದೆ ನನ್ನ ಹವ್ಯಾಸವೂ ಇದೆ. ಸಂಜೆ ಬಿಡುವಾದರೆ ನಾಟಕದ ತಾಲೀಮಿಗೆ ಹೋಗುತ್ತೇನೆ, ತೆರೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ನನ್ನದು. ಊರಿನ ಕಲಾಮಂದಿರಕ್ಕೆ ಹೆಸರಾದ ಬಳ್ಳಾರಿ ರಾಘವರು (1880–1946) ಹಗಲು ವಕೀಲರು, ರಾತ್ರಿ ನಟರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಂಗವೇರಿದವರು. ನಮ್ಮ ತಂಡದ ಹಿರಿಯರೊಬ್ಬರಿಗೆ ತೆಲುಗು ಲಿಪಿ ಬಾರದು. ಆದರೆ ಅವರ ಹಳೆಯ ನೋಟ್‌ಬುಕ್ಕಿನ ತುಂಬ ತೆಲುಗು ಪದ್ಯಗಳು, ದುಂಡನೆಯ ಕನ್ನಡ ಅಕ್ಷರದಲ್ಲಿ. ನನ್ನ ಪ್ರೋಗ್ರಾಂ ಒಂದು ಭಾನುವಾರದಲ್ಲಿ ಮಾಡಿದ್ದನ್ನು ಅವರ ಪೆನ್ನು ಐವತ್ತು ವರ್ಷ ಮಾಡಿದೆ.

ಮೊನ್ನೆ ರಾತ್ರಿ ಮಗಳು ಕೇಳಿದಳು, “ಅಪ್ಪಾ, ನಾನು ಕನ್ನಡದಾಗ ಬರದ್ರ ಅವ್ವಗೆ ಮುಟ್ಟತದೇನು?” ಅತ್ತೆಯವರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬಾರದು. ಕೂಡಿಸುವ ಕಡೆ ಕಳೆಯುವಂತೆ ಒಂದು ಸಾಲು ತಿದ್ದಿಕೊಟ್ಟೆ. ಅವಳು ಒಂದೊಂದೇ ಅಕ್ಷರ ಒತ್ತುತ್ತ ಗಟ್ಟಿಯಾಗಿ ಓದಿದಳು, “ಅವ್ವಾ, ಊಟ ಆಯ್ತಾ?”

“ಇನ್ನೂ ಇಲ್ಲ ಮಗಾ, ರೊಟ್ಟಿ ಬಡೀತೀನಿ, ಬರ್ರಿ” ಎಂದು ಅಡುಗೆಮನೆಯಿಂದ ನನ್ನ ತಾಯಿ ಉತ್ತರ ಕೊಟ್ಟರು. ಐದು ನಿಮಿಷಕ್ಕೆ ಆದೋನಿಯಿಂದಲೂ ಉತ್ತರ ಬಂತು, ತೆಲುಗು ಅಕ್ಷರದಲ್ಲಿ, ಕನ್ನಡದಲ್ಲಿ: “ಆಯ್ತು.”