ಸರಾಸರಿ ಹೇಳದ ಮಾತು

ನನ್ನ ತವರು ಸೊರಬ, ಸೇರಿದ ಮನೆ ಶಿಕಾರಿಪುರ. ಅಲ್ಲಿ ಮಳೆ ಜಾಸ್ತಿ, ಇಲ್ಲಿ ಕಡಿಮೆ. ಭತ್ತವೋ ಮೆಕ್ಕೆಜೋಳವೋ ಎಂದು ಯೋಚಿಸುವಾಗ ಮನೆಯವರು ಸರಾಸರಿ ಮಳೆಯನ್ನಷ್ಟೇ ನೆಚ್ಚುತ್ತಾರೆ. ಆದರೆ ಹೆಂಗಸರ ಬಳೆ ಅಡವಿಗೆ ಹೋಗುವುದು ಸರಾಸರಿ ವರ್ಷದಲ್ಲಲ್ಲ, ಮಳೆ ಕೈಕೊಟ್ಟ ವರ್ಷದಲ್ಲಿ!

ವರ್ಷವರ್ಷದ ಲೆಕ್ಕ ಸಿಗದಿದ್ದರೂ ಸರಾಸರಿಯ ಜೊತೆ ಮಾನಕ ವಿಚಲನೆ, ಅಂದರೆ ಏರಿಳಿತದ ಅಳತೆ, ಗೊತ್ತಿದ್ದರೆ ಅಂದಾಜು ಮಾಡಬಹುದೆಂದು ಮಗಳು ಕಂಪ್ಯೂಟರಿನ ‘ಆರ್’ ತಂತ್ರಾಂಶದಲ್ಲಿ ತೋರಿಸಿದಳು. ಸರಾಸರಿ 1000 ಮಿಲಿಮೀಟರ್, ವಿಚಲನೆ 200 ಎಂದಿಟ್ಟುಕೊಳ್ಳಿ. ಒಂದನ್ನು ಇನ್ನೊಂದರಿಂದ ಭಾಗಿಸಿ ವರ್ಗ ಮಾಡಿದರೆ 25; ಸಾವಿರವನ್ನು ಅದರಿಂದ ಭಾಗಿಸಿದರೆ 40. ಮಳೆಗೆ ಹೊಂದುವ ‘ಗ್ಯಾಮಾ’ ಹಂಚಿಕೆಗೆ ಇವೆರಡೇ ಕೀಲಿಕೈ. 800ಕ್ಕಿಂತ ಕಡಿಮೆ ಮಳೆಯ ಸಾಧ್ಯತೆ ನೂರಕ್ಕೆ ಸುಮಾರು 16. ವಿಚಲನೆ 300 ಆದರೆ ಸುಮಾರು 27!

ಸರಾಸರಿ ಅದೇ, ಭಯ ಬೇರೆ. ಬಿತ್ತನೆಯ ಸಾಲಕ್ಕೆ ಮುಂಚೆ ಏರಿಳಿತವನ್ನೂ ಕೇಳಿಕೊಳ್ಳೋಣ.