ಕೀಲಿ ಮತ್ತು ಕೂಲಿ

ಹೊಲಿಯಲು ಕೊಟ್ಟ ಕುಪ್ಪಸವನ್ನು ದರ್ಜಿ ಹೇಳಿದ ದಿನಕ್ಕೇ ಮನೆಗೆ ತಂದ ಹೆಂಗಸು ಯಾರಾದರೂ ಇದ್ದರೆ ಆಕೆಗೆ ನನ್ನದೊಂದು ದೊಡ್ಡ ನಮಸ್ಕಾರ. ದರ್ಜಿ, ಗೌಂಡಿ, ಬಡಿಗ, ಅಕ್ಕಸಾಲಿಗರ ಜೊತೆ ವ್ಯವಹಾರ ಮಾಡೀ ಮಾಡೀ ನಾವು ಹೆಂಗಸರು ಅರ್ಧ ವಕೀಲರೇ ಆಗಿರುತ್ತೇವೆ. ಹಾಗಾಗಿ ವೆಬ್‌ಸೈಟ್ ಮಾಡಿಕೊಡುವ ಹುಡುಗನೊಬ್ಬನ ಜೊತೆ ಮಾತಾಡುವ ಪ್ರಸಂಗ ಬಂದಾಗ ನಾನೇನೂ ಹೆದರಲಿಲ್ಲ.

ಪ್ರಸಂಗ ಬಂದದ್ದು ಹೀಗೆ. ಸುರಪುರದಲ್ಲಿ ನಾವು ಹನ್ನೆರಡು ಜನ ಹೆಂಗಸರು ಕೂಡಿ ಜೋಳದ ಕಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಮೊದಲೆಲ್ಲ ಶಹಾಪುರ, ಯಾದಗಿರಿಯ ಅಂಗಡಿಗಳಿಗೆ ಬಸ್ಸಿನಲ್ಲಿ ಡಬ್ಬಿ ಕಳಿಸುವುದಷ್ಟೇ ನಮ್ಮ ವ್ಯಾಪಾರ. ಆಮೇಲೆ ನೌಕರಿಗೆಂದು ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯ ಮಕ್ಕಳು ಫೋನು ಮಾಡಿ, “ನಿಮ್ದು ವೆಬ್‌ಸೈಟ್ ಇಲ್ಲೇನ್ರಿ?” ಎಂದು ಕೇಳತೊಡಗಿದರು. ಇಲ್ಲ ಎಂದು ಎಷ್ಟು ಸಲ ಹೇಳುವುದು? “ಕಂಪನಿಗೆ ಕೊಟ್ರ ತುಟ್ಟಿ ಆಗ್ತದ. ಫ್ರೀಲಾನ್ಸ್ ಹುಡುಗನ್ನ ಹಿಡೀರಿ” ಎಂದಳು ನನ್ನ ಮಗಳು.

ಫ್ರೀಲಾನ್ಸ್ ಎಂದರೆ ಯಾರ ಕೈಕೆಳಗೂ ನೌಕರಿ ಮಾಡದೆ, ಒಂದೊಂದು ಕೆಲಸಕ್ಕೆ ಒಬ್ಬೊಬ್ಬರ ಜೊತೆ ಒಪ್ಪಂದ ಮಾಡಿಕೊಳ್ಳುವವನು. ವಾಲ್ಟರ್ ಸ್ಕಾಟ್ ತನ್ನ 1819ರ ‘ಐವನ್‌ಹೋ’ ಕಾದಂಬರಿಯಲ್ಲಿ, ಯಾವ ದೊರೆಗೂ ಕಟ್ಟುಬೀಳದೆ ಹಣಕ್ಕಾಗಿ ಕಾದುವ ಭರ್ಜಿಯವರಿಗೆ ಈ ಮಾತನ್ನು ಬಳಸಿದ್ದಾನೆ. 1705ರಲ್ಲಿ ವಾಗಣಗೇರಿಯಲ್ಲಿ ಔರಂಗಜೇಬನ ಸೈನ್ಯಕ್ಕೆ ಎದುರಾಗಿ ನಿಂತ ನಾಯಕರ ಸೀಮೆ ನಮ್ಮದು. ಭರ್ಜಿಯವನೆಂದರೆ ನಮಗೇನು ಹೊಸಬನೇ!

ನಮಗೆ ಸಿಕ್ಕ ಭರ್ಜಿಯವನು ಶಹಾಪುರದ ಹುಡುಗ. ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಆ ಊರಿನಲ್ಲಿ, ತನ್ನ ಮನೆಯ ಮಾಳಿಗೆಯ ಕೋಣೆಯಲ್ಲೇ ಕೂತು ಕೆಲಸ ಮಾಡುವವನು. ಮೊದಲ ದಿನ ಬಂದವನು ಬಣ್ಣ, ಚಿತ್ರಗಳ ಮಾತೇ ಎತ್ತಲಿಲ್ಲ. ರೊಟ್ಟಿ ಎಷ್ಟು ದಿನ ತಡೆಯುತ್ತದೆ, ಪೊಟ್ಟಣದ ತೂಕ ಎಷ್ಟು, ಕೊರಿಯರ್‌ನಲ್ಲಿ ಮುರಿದರೆ ಏನು ಮಾಡುತ್ತೀರಿ, ಆಹಾರ ಇಲಾಖೆಯ 14 ಅಂಕಿಯ ನೋಂದಣಿ ಸಂಖ್ಯೆ ಇದೆಯೇ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದ. ಕೊನೆಗೆ, “ಮನಿ ನಾ ಕಟ್ತೀನ್ರಿ ಅಕ್ಕಾರ, ಮಾತು ನೀವು ಕೊಡಬೇಕು” ಎಂದ. ನಮ್ಮ ರೊಟ್ಟಿಯ ಬಗ್ಗೆ ನಾವೇ ಬರೆಯಬೇಕಂತೆ! ಸರಿ, ಬರೆದೆವು.

ಜಾಹೀರಾತಿನ ಕಾಗದಕ್ಕೆಂದು ಡಿಟಿಪಿ ಅಂಗಡಿಯಲ್ಲಿ ಮೊದಲೇ ಟೈಪು ಮಾಡಿಸಿದ್ದನ್ನೂ ಕೊಟ್ಟೆವು. ಅವನ ಪರದೆಯ ಮೇಲೆ ಅದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿತ್ತು. ಅಚ್ಚಿನವರು ಬಳಸುವ ಹಳೆಯ ಪದ್ಧತಿಯ ಫಾಂಟುಗಳಲ್ಲಿ ಹೊಡೆದ ಕನ್ನಡ, ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆಯಂತೆ. ಯೂನಿಕೋಡ್‌ನಲ್ಲಿದ್ದರೆ ಯಾರ ಫೋನಿನಲ್ಲಾದರೂ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಮನೆ ಸಿಕ್ಕಿತ್ತೆಂದು ಅವನು ಹೇಳಿದಾಗ ನನಗೆ ಹಿಗ್ಗೋ ಹಿಗ್ಗು. ಅಷ್ಟನ್ನೂ ಹೊಸದಾಗಿ ಬದಲಿಸಿ ಕೂಡಿಸಿದ.

ಊರಿನ ಹೆಸರಿನದು ಇನ್ನೊಂದು ರಗಳೆ. ಕನ್ನಡದಲ್ಲಿ ಬರೆದರೆ ಸುರಪುರ, ಆಡುಮಾತಿನಲ್ಲಿ ಸುರ್‌ಪುರ. ಇಲ್ಲಿ ಆಡಳಿತ ನಡೆಸಿ ಹೋದ ಮೆಡೋಸ್ ಟೇಲರ್ ಬರೆದದ್ದು ಶೋರಾಪುರ, ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರೂ ಅದೇ. ದೂರದವರು ಯಾವ ಕಾಗುಣಿತದಲ್ಲಿ ಹುಡುಕುತ್ತಾರೋ ಯಾರಿಗೆ ಗೊತ್ತು? ವಿಳಾಸದ ಪುಟದಲ್ಲಿ ಅವನು ಮೂರನ್ನೂ ಹಾಕಿದ.

ಇಷ್ಟಾದ ಮೇಲೆ ಬಾಯಿ ತೆರೆದವರು ನಮ್ಮ ಗುಂಪಿನ ಹಿರಿಯಾಕೆ. ನಾವೆಲ್ಲ ಆಯಿ ಎಂದೇ ಕರೆಯುತ್ತೇವೆ. ಓದು ಬಾರದು, ಲೆಕ್ಕ ಮಾತ್ರ ತುದಿನಾಲಗೆಯಲ್ಲಿ. “ಎಲ್ಲಾ ಛಲೋ ಆತಪ್ಪಾ. ಈ ಮನಿ ಕೀಲಿ ಯಾರ ಕೈಯಾಗ ಇರ್ತದ?”

ಹುಡುಗ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕ. “ಇದನ್ನ ಕೇಳೋರ ಕಡಿಮಿ ಆಯಿ” ಎಂದು ಬಿಡಿಸಿ ಹೇಳಿದ. ವೆಬ್‌ಸೈಟಿನ ಹೆಸರನ್ನು ಒಮ್ಮೆ ಕೊಂಡರೆ ಸದಾಕಾಲ ನಮ್ಮದಾಗುವುದಿಲ್ಲ. ಅವಧಿ ಮುಗಿಯುತ್ತಲೇ ಮತ್ತೆ ಹಣ ಕಟ್ಟಬೇಕು. ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಯಜಮಾನರು. ಮಾಡಿಕೊಟ್ಟವನು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡು ನಾಳೆ ಊರು ಬಿಟ್ಟರೆ, ಅಂಗಡಿ ನಮ್ಮದು, ಬಾಗಿಲು ಅವನದು. ಆಯಿ ತಲೆಯಾಡಿಸಿದರು. “ಹಂಗಾರ ನಮ್ಮ ಗುಂಪಿನ ಹೆಸರಿಲೇ ಆಗಲಿ.” ಹಾಗೇ ಆಯಿತು. ಸಂದೇಶ ಬರುವುದು ಗುಂಪಿನ ಫೋನಿಗೆ, ಗುಪ್ತಪದ ಬರೆದ ಚೀಟಿ ಇರುವುದು ಪಾಸ್‌ಬುಕ್ಕಿನ ಜೊತೆ ಟ್ರಂಕಿನಲ್ಲಿ.

ಕೀಲಿಯ ಮಾತು ಮುಗಿಯಿತು. ಕೂಲಿಯ ಮಾತು ಉಳಿಯಿತು. ಅವನು ಕೇಳಿದ್ದು 15,000 ರೂಪಾಯಿ. ಸಂತೆಯಲ್ಲಿ ಬದನೆಕಾಯಿಗೂ ಚೌಕಾಶಿ ಮಾಡುವವರು ನಾವು, ಬಿಟ್ಟೇವೆಯೇ? “ಮನ್ಯಾಗ ಕುಂತು ಮಾಡೋ ಕೆಲಸಕ್ಕ ಇಷ್ಟ್ಯಾಕಪ್ಪಾ?” ಎಂದಳು ಒಬ್ಬಳು. ಹುಡುಗನ ಮುಖ ಇಳಿಯಿತು. ಕೆಲಸ ಮಾಡಿಸಿಕೊಂಡು ದುಡ್ಡಿಗೆ ತಿಂಗಳುಗಟ್ಟಲೆ ಅಲೆದಾಡಿಸಿದ ಗಿರಾಕಿಯೊಬ್ಬನ ವಿಷಯ ಹೇಳಿದ. ಮನೆಯಲ್ಲಿ ಅಪ್ಪ, “ಇದೂ ಒಂದು ಕೆಲಸಾನಾ?” ಎನ್ನುತ್ತಾರಂತೆ.

ಆಗ ಆಯಿ ನಮ್ಮ ಕಡೆ ತಿರುಗಿದರು. “ನಾವೂ ಮನ್ಯಾಗ ಕುಂತೇ ರೊಟ್ಟಿ ತಟ್ಟತೀವಿ. ಮನ್ಯಾಗ ತಟ್ಟೋದಕ್ಕ ಏನ್ ರೊಕ್ಕ ಅಂತ ಅಂಗಡಿಯಾಂವ ಅಂದ್ರ ನಿಮಗ ಹೊಟ್ಟಿ ಉರೀತದೋ ಇಲ್ಲೋ?”

ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲವೇ ಮತ್ತೆ? ಮನೆಯೊಳಗೆ ಮಾಡಿದ್ದು ಕೆಲಸವೇ ಅಲ್ಲ, ಅದಕ್ಕೆ ಕೂಲಿ ಕೇಳುವುದೇ ತಪ್ಪು ಎಂಬ ಮಾತನ್ನು ನಾವು ಹೆಂಗಸರು ಹುಟ್ಟಿದಾಗಿನಿಂದ ಕೇಳಿದವರು. ಲ್ಯಾಪ್‌ಟಾಪು ಹಿಡಿದ ಗಂಡುಹುಡುಗನೂ ಅದೇ ಮಾತು ಕೇಳುತ್ತಿದ್ದಾನೆಂದು ಅವತ್ತು ತಿಳಿಯಿತು.

ಕಾಗದದ ಮೇಲೆ ಕನ್ನಡದಲ್ಲೇ ಬರೆದೆವು. ಪುಟ ಐದು. ತಿದ್ದುಪಡಿ ಎರಡು ಸುತ್ತು, ಅದರ ಮೇಲಾದರೆ ಬೇರೆ ಹಣ. ಕೂಲಿ ಮೂರು ಕಂತು: ಶುರುವಿಗೊಂದು, ನಡುವೆ ಒಂದು, ಕೀಲಿ ಕೈಗೆ ಬಂದ ದಿನ ಒಂದು. ಕೆಳಗೆ ಅವನ ಸಹಿ, ನಮ್ಮ ಸಹಿ, ಆಯಿಯ ಹೆಬ್ಬೆಟ್ಟು. ಎರಡು ಸುತ್ತು ಎಂದು ಬರೆದದ್ದು ಎಷ್ಟು ಒಳ್ಳೆಯದಾಯಿತೆಂದರೆ, ಹನ್ನೆರಡು ಹೆಂಗಸರಿಗೆ ಹದಿನಾಲ್ಕು ಬಣ್ಣ ಬೇಕಾಗಿದ್ದವು! ಒಬ್ಬಳಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು, ಇನ್ನೊಬ್ಬಳಿಗೆ ಓಡಾಡುವ ಅಕ್ಷರ. ನಾವು ನಾವೇ ಜಗಳಾಡಿ, ಒಂದು ಮಾತಿಗೆ ಬಂದು, ಅದನ್ನು ಮಾತ್ರ ಅವನಿಗೆ ಹೇಳಿದೆವು. ದೊಡ್ಡ ದೊಡ್ಡ ಫೋಟೋ ಹಾಕಿದರೆ ಹಳ್ಳಿಯ ಫೋನುಗಳಲ್ಲಿ ತೆರೆಯಲು ತಡವಾಗುತ್ತದೆ ಎಂದದ್ದಕ್ಕೆ ಫೋಟೋಗಳನ್ನು ಸಣ್ಣದು ಮಾಡಲು ಒಪ್ಪಿದೆವು.

ನೀವೂ ಹಪ್ಪಳವೋ ಕಸೂತಿಯೋ ಮಾಡಿ ಮಾರುವವರಾದರೆ, ಇಂಥ ಹುಡುಗನೋ ಹುಡುಗಿಯೋ ನಿಮ್ಮ ಊರಿನಲ್ಲೂ ಇದ್ದೇ ಇರುತ್ತಾರೆ. ಕೀಲಿ ನೀವು ಕೇಳಿ ಪಡೆಯಿರಿ. ಕೂಲಿಯನ್ನು ಅವರು ಕೇಳುವ ಮೊದಲೇ ಕೊಡಿ.

ಕೊನೆಯ ಕಂತು ತೆಗೆದುಕೊಳ್ಳಲು ಬಂದ ದಿನ ಹುಡುಗ ಎರಡು ಪೊಟ್ಟಣ ರೊಟ್ಟಿ ಕೇಳಿದ, ಅಪ್ಪನಿಗಂತೆ. “ರೊಕ್ಕ ಇರಲಿ ಬಿಡಪ್ಪಾ” ಎಂದೆ ನಾನು. ಅವನು ಕೇಳಲಿಲ್ಲ, ನೋಟು ಚಾಚಿದ. ಆಯಿ ಕೈ ಮುಂದೆ ಮಾಡಿ ಇಸಿದುಕೊಂಡು ಚಿಲ್ಲರೆ ಎಣಿಸಿ ಕೊಟ್ಟರು. “ಅವನ ಕೂಲಿ ಅವನಿಗೆ, ನಮ್ಮ ಕೂಲಿ ನಮಗ” ಎಂದರು. ನಾನು ಲೆಕ್ಕದ ಪುಸ್ತಕ ತೆರೆದು ಎರಡನ್ನೂ ಬರೆದುಕೊಂಡೆ.